ಕಪ್ಪಾದ ಮಾತ್ರಕ್ಕೆ ಕರಗಿತೆಂದಲ್ಲ

ಚಿಟಿಕೆಯಷ್ಟು ಕಾರ್ಬನ್ ನ್ಯಾನೊಟ್ಯೂಬ್ ಪುಡಿಯನ್ನು ನೀರಿಗೆ ಹಾಕಿ, ಸೋನಿಕೇಟರಿನ ಲೋಹದ ಕಡ್ಡಿಯನ್ನು ಅದರೊಳಗೆ ಇಳಿಸಿ ಸ್ವಿಚ್ ಒತ್ತಿದರೆ, ಕಿವಿ ಕೊರೆಯುವ ಸದ್ದಿನ ನಡುವೆ ನೀರು ಕೆಲವೇ ನಿಮಿಷಗಳಲ್ಲಿ ಶಾಯಿಯಷ್ಟು ಕಪ್ಪಾಗುತ್ತದೆ. ಪುಡಿ ಕಣ್ಣಿಗೆ ಬೀಳುವುದಿಲ್ಲ. ಮೊದಲ ಸಲ ಈ ಕೆಲಸ ಮಾಡಿದ ದಿನ ‘ಕರಗಿತು’ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಮೇಲೆ ತಿಳಿನೀರು, ತಳದಲ್ಲಿ ಮಸಿಯ ಗಸಿ. ಈ ಕೊಳವೆಗಳ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ‘ಕರಗಿತು’ ಎಂಬ ಆ ಒಂದು ಪದದಿಂದಲೇ ಹುಟ್ಟುತ್ತವೆ.

“ಒಂದೇ ಸಮನೆ ಕಪ್ಪಾಗಿದ್ದರೆ ಕರಗಿದೆ ಎಂದರ್ಥ”

ಸಕ್ಕರೆ ಕರಗಿದಾಗ ಅದರ ಅಣುಗಳು ತಾವಾಗಿಯೇ ಬಿಡಿಬಿಡಿಯಾಗುತ್ತವೆ. ನ್ಯಾನೊಟ್ಯೂಬ್ ಹಾಗಲ್ಲ. ಏಕಪದರದ ಕೊಳವೆಯ ಅಗಲ ಸುಮಾರು 1 ನ್ಯಾನೊಮೀಟರ್, ಉದ್ದ ಅದರ ನೂರಾರು, ಸಾವಿರಾರು ಪಟ್ಟು. ಎರಡು ಕೊಳವೆಗಳು ಉದ್ದಕ್ಕೂ ತಾಗಿ ಮಲಗಿದರೆ ವಾನ್ ಡರ್ ವಾಲ್ಸ್ ಸೆಳೆತ ಇಂಚಿಂಚಿಗೂ ಕೂಡುತ್ತಾ ಹೋಗುತ್ತದೆ. 1 ಮೈಕ್ರೊಮೀಟರ್ ಉದ್ದಕ್ಕೆ ಅದು ಸುಮಾರು 500 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಬಿಸಿಯಲ್ಲಿ ಅಣುಗಳ ಕುಲುಕಾಟಕ್ಕಿರುವ ಶಕ್ತಿಯೋ ಬರೀ 0.025 ಎಲೆಕ್ಟ್ರಾನ್ ವೋಲ್ಟ್, ಅಂದರೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಹೀಗಾಗಿ ಕೊಳವೆಗಳು ಹುರಿಹಗ್ಗದ ಎಳೆಗಳ ಹಾಗೆ ಕಂತೆಕಂತೆಯಾಗಿಯೇ ಇರುತ್ತವೆ. ಕಂತೆಗಳು ಚಿಕ್ಕವಾಗಿ ನೀರಿನಲ್ಲಿ ಹರಡಿದರೂ ನೀರು ಕಪ್ಪೇ, ಒಂದೊಂದು ಕೊಳವೆಯೂ ಬೇರೆಯಾದರೂ ಕಪ್ಪೇ. ಬರಿಗಣ್ಣಿಗೆ ಎರಡೂ ಒಂದೇ.

ಗುರುತು ಹಿಡಿಯುವ ದಾರಿಯನ್ನು 2002ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಸೋಡಿಯಂ ಡೊಡೆಸೈಲ್ ಸಲ್ಫೇಟ್ ಎಂಬ ಸಾಬೂನಿನಂಥ ವಸ್ತು ಬೆರೆಸಿದ ನೀರಿನಲ್ಲಿ ಕೊಳವೆಗಳನ್ನು ಬಿಡಿಸಿ, ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರು. ಭಾರದ ಕಂತೆಗಳು ತಳ ಸೇರಿದವು. ಮೇಲಿನ ತಿಳಿಗೆ ಬೆಳಕು ಹಾಯಿಸಿದಾಗ ಅದು ನಮ್ಮ ಕಣ್ಣಿಗೆ ಕಾಣದ ಅವಗೆಂಪಿನಲ್ಲಿ ಹೊಳೆಯಿತು. ಕಂತೆಯಲ್ಲಿದ್ದಾಗ ಈ ಹೊಳಪು ಇರುವುದಿಲ್ಲ, ಏಕೆಂದರೆ ಪಕ್ಕದಲ್ಲಿರುವ ಲೋಹಗುಣದ ಕೊಳವೆ ಆ ಶಕ್ತಿಯನ್ನು ನುಂಗಿಬಿಡುತ್ತದೆ. ಹೊಳೆದರೆ ಬಿಡಿಯಾಗಿದೆ. ನನಗೆ ಇಂದಿಗೂ ಇದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆ ಇನ್ನೊಂದಿಲ್ಲ.

ನಿಜವಾಗಿಯೂ ಕರಗಿಸುವ ದ್ರವ ಇಲ್ಲವೇ ಇಲ್ಲ ಎಂದೂ ಹೇಳಬಾರದು. ಕ್ಲೋರೊಸಲ್ಫೋನಿಕ್ ಆಮ್ಲ ಕೊಳವೆಗಳಿಗೆ ಪ್ರೋಟಾನ್ ಕೊಟ್ಟು ಧನವಿದ್ಯುತ್ತನ್ನು ಹೇರುತ್ತದೆ. ಆಗ ಅವು ಒಂದನ್ನೊಂದು ತಳ್ಳಿಕೊಂಡು, ಯಾರೂ ಅಲುಗಾಡಿಸದೆ ಬಿಡಿಯಾಗುತ್ತವೆ. ಅದೇ ದ್ರಾವಣದಿಂದ ನೂಲು ತೆಗೆಯುವುದೂ ಸಾಧ್ಯವಾಗಿದೆ. ಆದರೆ ನೀರು ತಾಗಿದರೆ ಉಗ್ರವಾಗಿ ಕೆರಳುವ ಆಮ್ಲ ಅದು.

“ಇಂಗಾಲವಲ್ಲವೇ, ಎಣ್ಣೆಯಂಥ ದ್ರಾವಕ ಸಾಕು”

ಸಾಲದು. ಹೆಕ್ಸೇನಿನಲ್ಲೂ ಟಾಲೂಯೀನಿನಲ್ಲೂ ಬರೀ ಕೊಳವೆಗಳು ಗಂಟುಗಂಟಾಗಿ ಕೂರುತ್ತವೆ. ಸ್ವಲ್ಪ ಒಗ್ಗುವುದು ಎನ್‌ಎಂಪಿ, ಡಿಎಂಎಫ್ ತರಹದ ದ್ರಾವಕಗಳು. ಅವುಗಳ ಮೇಲ್ಮೈ ಶಕ್ತಿ ಕೊಳವೆಯ ಮೇಲ್ಮೈ ಶಕ್ತಿಗೆ ಹತ್ತಿರವಿದೆ. ಅಲ್ಲೂ ತುಂಬಾ ತೆಳುವಾದ ಮಿಶ್ರಣದಲ್ಲಿ ಮಾತ್ರ ಕೊಳವೆಗಳು ಬಿಡಿಯಾಗಿ ನಿಲ್ಲುತ್ತವೆ.

“ಹೆಚ್ಚು ಹೊತ್ತು ಸೋನಿಕೇಟ್ ಮಾಡಿದಷ್ಟೂ ಒಳ್ಳೆಯದು”

ಶಬ್ದದ ಅಲೆ ನೀರಿನಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಹುಟ್ಟಿಸಿ ಒಡೆಯುತ್ತದೆ. ಗುಳ್ಳೆ ಕುಸಿಯುವ ಜಾಗದಲ್ಲಿ ಕ್ಷಣಮಾತ್ರ ಸಾವಿರಾರು ಡಿಗ್ರಿ ಬಿಸಿ. ಆ ರಭಸಕ್ಕೆ ಕಂತೆಯ ತುದಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಸಂದಿಗೆ ಸಾಬೂನಿನ ಅಣು ನುಗ್ಗಿ, ಜಿಪ್ ಎಳೆದ ಹಾಗೆ ಉದ್ದಕ್ಕೂ ಸಾಗುತ್ತದೆ. ಅಷ್ಟು ಒಳ್ಳೆಯದು. ಆದರೆ ಅದೇ ರಭಸ ಕೊಳವೆಯನ್ನು ತುಂಡರಿಸುತ್ತದೆ ಕೂಡ. ಸೀಸೆಯನ್ನು ಮಂಜುಗಡ್ಡೆಯಲ್ಲಿಟ್ಟರೂ ತುಂಡಾಗುವುದು ನಿಲ್ಲದು. ಗಂಟೆಗಟ್ಟಲೆ ಓಡಿಸಿದವರಿಗೆ ಕೊನೆಗೆ ಸಿಗುವುದು ಮೊಂಡು ತುಂಡುಗಳು. ಇನ್ನು ಸಾಬೂನು ಹಾಕದೆ ಎಷ್ಟು ಹೊತ್ತು ಓಡಿಸಿದರೂ ಬಿಚ್ಚಿದ್ದು ಮತ್ತೆ ಅಂಟಿಕೊಳ್ಳುತ್ತದೆ. ನನ್ನ ಆ ಮೊದಲ ಸೀಸೆಯಲ್ಲಿ ಆದದ್ದು ಇದೇ.

ಸಾಬೂನೆಂದರೆ ಎಲ್ಲವೂ ಒಂದೇ ಅಲ್ಲ. ಸೋಡಿಯಂ ಕೋಲೇಟ್, ಡಿಆಕ್ಸಿಕೋಲೇಟ್ ಎಂಬ ಪಿತ್ತದ ಲವಣಗಳು ಈ ಕೆಲಸದಲ್ಲಿ ಬಹಳ ಗಟ್ಟಿ. ನಮ್ಮ ಕರುಳಿನಲ್ಲಿ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುವುದೂ ಇದೇ ಬಗೆಯ ಲವಣಗಳೇ. ಅವುಗಳ ಅಣು ಚಪ್ಪಟೆ, ನೀರಿಗೆ ಒಲ್ಲದ ಮುಖ ಒಂದು ಕಡೆ. ಹೆಂಚು ಹೊದಿಸಿದ ಹಾಗೆ ಕೊಳವೆಯ ಮೈಗೆ ಕೂರುತ್ತವೆ. ಜಾಸ್ತಿ ಸಾಬೂನು ಸುರಿದರೆ ಇನ್ನೂ ಚೆನ್ನ ಎನ್ನುವಂತಿಲ್ಲ. ಮಿತಿ ಮೀರಿದರೆ ನೀರಿನಲ್ಲಿ ಉಳಿದ ಸಾಬೂನಿನ ಗುಂಪುಗಳೇ ಕೊಳವೆಗಳನ್ನು ಒತ್ತಿ ಮತ್ತೆ ಒಟ್ಟು ಸೇರಿಸುತ್ತವೆ.

“ಆಮ್ಲದಲ್ಲಿ ಕುದಿಸಿದರೆ ಶುದ್ಧವೂ ಆಗುತ್ತದೆ, ಸುಲಭವಾಗಿ ಬೆರೆಯುತ್ತದೆ”

ನೈಟ್ರಿಕ್, ಸಲ್ಫ್ಯೂರಿಕ್ ಆಮ್ಲದ ಮಿಶ್ರಣದಲ್ಲಿ ಕುದಿಸಿದ ಕೊಳವೆ ನೀರಿಗೆ ಸಲೀಸಾಗಿ ಬೆರೆಯುವುದು ನಿಜ. ಬೆರೆಯುವುದು ಅದರ ಗೋಡೆಗೂ ತುದಿಗೂ ಕಾರ್ಬಾಕ್ಸಿಲ್ ಗುಂಪುಗಳು ಅಂಟಿದ್ದರಿಂದ. ಅಂಟಿದ ಪ್ರತಿ ಜಾಗದಲ್ಲೂ ಎಲೆಕ್ಟ್ರಾನಿನ ದಾರಿಗೆ ಒಂದೊಂದು ಹೊಂಡ. ರಾಳಕ್ಕೆ ಬೆರೆಸಿ ಬಲ ಕೊಡಲು ಪರವಾಗಿಲ್ಲ; ಟ್ರಾನ್ಸಿಸ್ಟರಿಗಂತೂ ಬೇಡ.

“ಬಿಡಿಸಿದ ಮೇಲೆ ಬೇರ್ಪಡಿಸುವ ಕೆಲಸ ಮುಗಿಯಿತು”

ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು. ತೆನೆಯಿಂದ ಕಾಳು ಬಿಡಿಸುವುದು ಒಂದು ಕೆಲಸ, ರಾಗಿ ಸಜ್ಜೆ ಕಲೆತಿದ್ದರೆ ವಿಂಗಡಿಸುವುದು ಇನ್ನೊಂದು.

ಚೌಕುಳಿ ಚಾಪೆಯನ್ನು ನೇರ ಸುತ್ತಬಹುದು, ಓರೆಯಾಗಿಯೂ ಸುತ್ತಬಹುದು. ಇಂಗಾಲದ ಷಟ್ಕೋನಗಳ ಹಾಳೆ ಯಾವ ಕೋನದಲ್ಲಿ ಸುತ್ತಿಕೊಂಡಿದೆ ಎಂಬುದರ ಮೇಲೆ ಕೊಳವೆಯ ಗುಣ ನಿಂತಿದೆ. ಸುತ್ತನ್ನು ಎರಡು ಅಂಕಿಗಳಿಂದ ಗುರುತಿಸುತ್ತಾರೆ. ಅಂಕಿಗಳ ವ್ಯತ್ಯಾಸ 3ರಿಂದ ಭಾಗವಾದರೆ ಲೋಹದ ಗುಣ, ಇಲ್ಲವಾದರೆ ಅರೆವಾಹಕ. ಹಾಗಾಗಿ ಸಾಮಾನ್ಯ ಪುಡಿಯಲ್ಲಿ ಮೂರನೇ ಒಂದು ಪಾಲು ಲೋಹದಂಥವು, ಉಳಿದವು ಅರೆವಾಹಕ, ಒಟ್ಟು ಹತ್ತಾರು ಬಗೆ. ಟ್ರಾನ್ಸಿಸ್ಟರಿನಲ್ಲಿ ಒಂದು ಲೋಹದ ಕೊಳವೆ ನುಸುಳಿದರೂ ಸ್ವಿಚ್ ಆಫ್ ಆಗುವುದಿಲ್ಲ.

2006ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮಾರ್ಕ್ ಹರ್ಸಮ್ ತಂಡ ಸಾಂದ್ರತೆಯ ಮೆಟ್ಟಿಲಿರುವ ದ್ರವದಲ್ಲಿ ಕೊಳವೆಗಳನ್ನು ತಿರುಗಿಸಿ ವಿಂಗಡಿಸಿತು. ಆ ದ್ರವಕ್ಕೆ ಬಳಸಿದ ಅಯೋಡಿಕ್ಸನಾಲ್, ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವಾಗ ರಕ್ತನಾಳಕ್ಕೆ ಕೊಡುವ ವಸ್ತುವೇ. ಕೊಳವೆಯ ತೂಕವೇ ಅದನ್ನು ಬೇರ್ಪಡಿಸಿತು ಎಂದು ಅನೇಕರು ತಿಳಿದಿದ್ದಾರೆ. ಮುಖ್ಯ ಕೆಲಸ ಮಾಡಿದ್ದು ಮೈಗೆ ಹೊದ್ದ ಸಾಬೂನಿನ ಪದರ. ಎರಡು ಬಗೆಯ ಸಾಬೂನು ಬೆರೆಸಿದಾಗ ಲೋಹದ ಕೊಳವೆ ಒಂದನ್ನು ಹೆಚ್ಚು ಹೊದೆಯುತ್ತದೆ, ಅರೆವಾಹಕ ಇನ್ನೊಂದನ್ನು. ಆಗ ಅವುಗಳ ಸಾಂದ್ರತೆ ಬೇರೆಯಾಗುತ್ತದೆ. ಗಂಟೆಗಟ್ಟಲೆ ತಿರುಗಿದ ಟ್ಯೂಬನ್ನು ಹೊರತೆಗೆದು ಬೆಳಕಿಗೆ ಹಿಡಿದರೆ, ಹಿಂದಿನ ದಿನ ಇದ್ದಿಲಿನಂತಿದ್ದ ನೀರಿನಲ್ಲಿ ನೇರಳೆ, ಹಸಿರು, ಕಂದು ಪಟ್ಟಿಗಳು ಒಂದರ ಮೇಲೊಂದು ನಿಂತಿರುತ್ತವೆ. ಆ ನೇರಳೆ (6,5) ಎಂಬ ಕೊಳವೆಯದು, ಅಗಲ ಸುಮಾರು 0.76 ನ್ಯಾನೊಮೀಟರ್. ಕಪ್ಪು ಎಂದು ನಾವು ಕರೆದದ್ದು ಈ ಬಣ್ಣಗಳೆಲ್ಲ ಕಲೆತ ಕಪ್ಪು.

ದಾರಿಗಳು ಬೇರೆಯೂ ಇವೆ. ಜಪಾನಿನ ತ್ಸುಕುಬಾದಲ್ಲಿ ಜೆಲ್ ಮೂಲಕ ಸೋಸುತ್ತಾರೆ, ಡಿಎನ್‌ಎ ಎಳೆಯನ್ನು ಸುತ್ತಿ ಆರಿಸುವವರಿದ್ದಾರೆ, ಟಾಲೂಯೀನಿನಲ್ಲಿ ಪಾಲಿಫ್ಲೋರೀನ್ ಬೆರೆಸಿದರೆ ಅದು ಅರೆವಾಹಕ ಕೊಳವೆಗಳನ್ನಷ್ಟೇ ಅಪ್ಪಿಕೊಳ್ಳುತ್ತದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2010ರಲ್ಲಿ ಕೊರೊನೀನ್ ಮೂಲದ ಒಂದು ಲವಣದಿಂದ ಲೋಹದ ಕೊಳವೆಗಳನ್ನು ತಳಕ್ಕಿಳಿಸಿ, ಅರೆವಾಹಕಗಳನ್ನು ಮೇಲಿನ ತಿಳಿಯಲ್ಲಿ ಉಳಿಸಿಕೊಂಡಿತು. ಸರಳವೂ ಚಂದವೂ ಆದ ವಿಧಾನ ಅದು. ನಮ್ಮಲ್ಲಿ ಅದರ ಮಾತು ಕೇಳಿಬರಬೇಕಾದಷ್ಟು ಕೇಳಿಬರಲಿಲ್ಲ.

2019ರಲ್ಲಿ ಎಂಐಟಿ ತಂಡ 14,000ಕ್ಕೂ ಹೆಚ್ಚು ನ್ಯಾನೊಟ್ಯೂಬ್ ಟ್ರಾನ್ಸಿಸ್ಟರುಗಳ ಪ್ರೊಸೆಸರ್ ಕಟ್ಟಿದಾಗ ಎರಡೂ ಕೆಲಸಗಳ ಕೊರತೆ ಎದುರಾಯಿತು. ವಿಂಗಡಿಸಿದ ಕೊಳವೆಗಳಲ್ಲಿ ಉಳಿದಿದ್ದ ಲೋಹದವನ್ನು ಸಹಿಸುವಂತೆ ಸರ್ಕ್ಯೂಟಿನ ವಿನ್ಯಾಸವನ್ನೇ ಬದಲಿಸಿದರು. ಬಿಡದೆ ಉಳಿದ ಕಂತೆಗಳು ಬಿಲ್ಲೆಯ ಮೇಲೆ ಕಸದಂತೆ ಕೂತಿದ್ದನ್ನು ತೊಳೆದು ತೆಗೆಯಲು ಬೇರೆಯೇ ಹಂತ ಸೇರಿಸಿದರು.

ವಿಂಗಡಿಸಿದ ನೇರಳೆ ನೀರನ್ನು ಸಣ್ಣ ರಂಧ್ರದ ಫಿಲ್ಟರಿಗೆ ಸುರಿದು ಸಾಬೂನನ್ನು ತೊಳೆದು ತೆಗೆದರೆ, ಹೊದಿಕೆ ಹೋದ ಕೊಳವೆಗಳು ಮತ್ತೆ ಒಂದನ್ನೊಂದು ತಬ್ಬಿಕೊಂಡು ಕಂತೆಯಾಗುತ್ತವೆ. ಈಗ ಪಕ್ಕದಲ್ಲಿ ಮಲಗಿರುವುದು ಮಾತ್ರ ಇನ್ನೊಂದು (6,5).