ಗಣಕದ ಮಾಂದ್ಯ: ದೋಷ ಯಂತ್ರದಲ್ಲೋ, ತಂತಿಯಲ್ಲೋ?

ಪ್ರಶ್ನೆ: ಮನೆಯ ಕಂಪ್ಯೂಟರೂ ಇಂಟರ್ನೆಟ್ಟೂ ಬಲು ನಿಧಾನವಾಗಿವೆ. ಕಾರಣ ತಿಳಿಯುವುದು ಹೇಗೆ?
– ಓದುಗರೊಬ್ಬರು, ಮೈಲಾಪುರ, ಚೆನ್ನೈ

ಉತ್ತರ: ಯಂತ್ರದ ಮಾಂದ್ಯವೂ ಸಂಪರ್ಕದ ಮಾಂದ್ಯವೂ ಮೇಲ್ನೋಟಕ್ಕೆ ಒಂದೇ ತೆರನಾಗಿ ತೋರಿದರೂ ಅವು ಭಿನ್ನ ವ್ಯಾಧಿಗಳಾದುದರಿಂದ, ಚಿಕಿತ್ಸೆಗೆ ಮುನ್ನ ನಿದಾನವು ಅವಶ್ಯಕ. ಇಂಟರ್ನೆಟ್ಟಿನ ತಂತಿಯನ್ನು ಬಿಡಿಸಿ, ಕಂಪ್ಯೂಟರಿನಲ್ಲಿಯೇ ಉಳಿಸಿದ ಕಡತವೊಂದನ್ನು ತೆರೆಯಿರಿ. ಅದೂ ತಡವಾದರೆ ದೋಷವು ಯಂತ್ರದ್ದು. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದೊಡನೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುವುದು. ಅಲ್ಲಿ ಡಿಸ್ಕಿನ ಅಂಕಣವು ಬಹುಕಾಲ ಶೇ. 100ರಲ್ಲಿಯೇ ನಿಂತಿದ್ದರೆ, ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ, ಚಲಿಸುವ ಅಂಗಗಳೇ ಇಲ್ಲದ ಎಸ್‌ಎಸ್‌ಡಿಯನ್ನು ಹಾಕಿಸುವುದು ಉತ್ತಮೋತ್ತಮ ಪರಿಹಾರ. ಫ್ಯಾನಿಗೆ ಧೂಳು ಮೆತ್ತಿದ್ದರೆ, ಚೆನ್ನೈಯ ಸೆಖೆಯಲ್ಲಿ ಕಾದ ಪ್ರೊಸೆಸರ್ ಆತ್ಮರಕ್ಷಣಾರ್ಥವಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದೂ ಉಂಟು.

ಯಂತ್ರವು ಸ್ವಸ್ಥವಾಗಿದ್ದರೆ, ಅದನ್ನು ಲ್ಯಾನ್ ಕೇಬಲಿನಿಂದ ನೇರವಾಗಿ ರೂಟರಿಗೆ ಜೋಡಿಸಿ ವೇಗವನ್ನು ಅಳೆಯಿರಿ. ಎಂಟು ಬಿಟ್‌ಗಳಿಗೆ ಒಂದು ಬೈಟ್ ಆದುದರಿಂದ, 100 ಮೆಗಾಬಿಟ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಮಾತ್ರ. ತಂತಿಯಲ್ಲಿ ವೇಗವಿದ್ದು ವೈಫೈಯಲ್ಲಿ ಇಲ್ಲದಿದ್ದರೆ, ಅಡ್ಡಗೋಡೆಗಳಿಂದ ದೂರಕ್ಕೆ, ಎತ್ತರಕ್ಕೆ ರೂಟರನ್ನು ಸರಿಸಿರಿ. ಎಲ್ಲವೂ ಸರಿಯಿದ್ದರೂ ಕಾರಣ ಹೊರಗಿರಬಹುದು: 2016ರ ಡಿಸೆಂಬರ್ 12ರಂದು ನಿಮ್ಮ ನಗರದ ಮೇಲೆರಗಿದ ವರ್ದಾ ಚಂಡಮಾರುತವು ಕಡಲಡಿಯ ಕೇಬಲಿನ ಸಂಪರ್ಕಕ್ಕೂ ಧಕ್ಕೆ ತಂದಿತ್ತು.

ಏನನ್ನೇ ಬದಲಿಸುವ ಮುನ್ನ, ನಿಮ್ಮ ಕಡತಗಳನ್ನೂ ಚಿತ್ರಗಳನ್ನೂ ಬೇರೊಂದು ಡಿಸ್ಕಿಗೆ ತಪ್ಪದೆ ನಕಲಿಸಿಕೊಳ್ಳಿರಿ.