ಒಂಟಿಮನೆಯಲ್ಲಿ ಎಳೆಮಕ್ಕಳ ಸಂಸಾರ

ಮಲೆನಾಡಿನ ಹಳ್ಳಿ ಬಯಲುಸೀಮೆಯ ಹಳ್ಳಿಯಂತೆ ಒಂದೇ ಕಡೆ ಗುಂಪಾಗಿ ಇರುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶಿರಸಿ, ಸಿದ್ದಾಪುರದ ಕಡೆ ತೋಟಕ್ಕೊಂದು ಮನೆ. ಕೊಡಗಿನಲ್ಲೂ ಹೆಚ್ಚುಕಡಿಮೆ ಹೀಗೆಯೇ. ಅಡಿಕೆ ಬೆಳೆಯುವುದು ನೀರು ಹರಿಯುವ ಕಣಿವೆಯ ಬುಡದಲ್ಲಿ. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸುವ ಕೆಲಸವೆಲ್ಲ ಅಂಗಳದಲ್ಲೇ ಆಗಬೇಕಾದ್ದರಿಂದ ಮನೆಯೂ ತೋಟದ ಪಕ್ಕದಲ್ಲೇ ಎದ್ದಿತು. ಮುಂದಿನ ಮನೆ ಗುಡ್ಡದ ಆಚೆ. ಹಿಂದೆ ಇಂಥ ಮನೆಗಳಲ್ಲಿ ಕೂಡುಕುಟುಂಬವಿತ್ತು, ಆಳುಕಾಳುಗಳಿದ್ದರು, ಕೊಟ್ಟಿಗೆ ತುಂಬ ದನವಿತ್ತು. ಮಗು ಅತ್ತರೆ ಎತ್ತಿಕೊಳ್ಳಲು ನಾಲ್ಕು ಕೈಗಳು ಬರುತ್ತಿದ್ದವು. ಈಗ ಅನೇಕ ಮನೆಗಳಲ್ಲಿ ಉಳಿದಿರುವವರು ವಯಸ್ಸಾದ ಇಬ್ಬರೇ. ಕೆಲವಕ್ಕೆ ಬೀಗ ಬಿದ್ದಿದೆ.

ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುವುದು ರೂಢಿಯಾದ ಮೇಲೆ ಈ ಮನೆಗಳತ್ತ ಬೆಂಗಳೂರಿನ ಕಿರಿಯ ದಂಪತಿಗಳ ಕಣ್ಣು ಮತ್ತೆ ಬಿದ್ದಿದೆ. ಕೆಲವರು ಹುಟ್ಟಿದ ಮನೆಗೆ ಮರಳುವವರು, ಕೆಲವರು ಹೊಸದಾಗಿ ಜಾಗ ಹುಡುಕುವವರು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದ ಬಳಿಕ ಕೃಷಿಕರಲ್ಲದವರಿಗೂ ತೋಟ ಕೊಳ್ಳುವ ಹಾದಿ ಸುಲಭವಾಗಿದೆ. ಕೊಳ್ಳಬಹುದು, ಸರಿ. ಎರಡು ವರ್ಷದ ಮಗುವನ್ನು ಕಟ್ಟಿಕೊಂಡು ಅಲ್ಲಿ ಬಾಳಬಹುದೇ ಎಂಬುದು ಬೇರೆಯೇ ಲೆಕ್ಕ.

ಹೆಚ್ಚಿನವರು ಮನೆ ನೋಡಲು ಹೋಗುವುದು ಡಿಸೆಂಬರ್ ಅಥವಾ ಜನವರಿಯಲ್ಲಿ. ಆಗ ಹಳ್ಳದಲ್ಲಿ ನೀರಿರುತ್ತದೆ, ರಸ್ತೆ ಒಣಗಿರುತ್ತದೆ, ಅಂಗಳದಲ್ಲಿ ಅಡಿಕೆ ಹರವಿರುತ್ತದೆ. ಒಲ್ಲೆ ಎನ್ನುವುದು ಯಾರಿಗೂ ಕಷ್ಟ. ನೋಡಬೇಕಾದದ್ದು ಪುನರ್ವಸು ಮಳೆ ಹಿಡಿದ ಜುಲೈಯಲ್ಲಿ ಒಮ್ಮೆ, ಬಾವಿಯ ತಳ ಕಾಣುವ ಮೇ ತಿಂಗಳಲ್ಲಿ ಇನ್ನೊಮ್ಮೆ. ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು ಚಳಿಗಾಲದಲ್ಲಿ ಧಾರಾಳ; ಏಪ್ರಿಲ್ ಕಳೆದ ಮೇಲೂ ಬರುತ್ತದೆಯೇ ಎಂಬುದನ್ನು ಮಾರುವವರನ್ನಲ್ಲ, ಅಲ್ಲಿ ಕೆಲಸಕ್ಕೆ ಬರುವವರನ್ನು ಕೇಳಬೇಕು.

ಮಳೆಯ ಅಂದಾಜು ಪೇಟೆಯಿಂದ ಬಂದವರಿಗೆ ಇರುವುದೇ ಇಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ 1,000 ಮಿ.ಮೀ. ಆಸುಪಾಸು ಮಳೆಯಾದರೆ ಆಗುಂಬೆಯ ಸರಾಸರಿ 7,000 ಮಿ.ಮೀ. ಮೀರುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಆ ದಿನಗಳಲ್ಲಿ ಎಳೆಗೂಸಿನ ಬಟ್ಟೆ ಒಣಗುವುದೇ ಒಂದು ಸಮಸ್ಯೆ. ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಹರವಿದರೂ ಹೊಗೆವಾಸನೆ ಹಿಡಿಯುತ್ತದೆ, ಅಂಚಿನಲ್ಲಿ ತೇವ ಉಳಿಯುತ್ತದೆ. ಗೋಡೆ ಬೂಷ್ಟು ಹಿಡಿದರೆ ಉಬ್ಬಸದ ತೊಂದರೆ ಇರುವ ಮಗುವಿಗೆ ಆ ಮನೆ ಒಗ್ಗುವುದಿಲ್ಲ. ಇಷ್ಟನ್ನು ಡಿಸೆಂಬರ್‌ನ ಬಿಸಿಲು ಹೇಳುವುದಿಲ್ಲ.

ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾದದ್ದು ದಾರಿ. ಪೇಟೆ ಹದಿನೈದು ಕಿಲೋಮೀಟರ್ ಎಂದರೆ ಏನೂ ಹೇಳಿದಂತಾಗಲಿಲ್ಲ. ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣುರಸ್ತೆಯೇ, ನಡುವೆ ಹಳ್ಳವಿದೆಯೇ, ಹಳ್ಳಕ್ಕೆ ಮೋರಿ ಇದೆಯೋ ಬರೀ ಕಾಲುಸಂಕವೋ ಎಂಬುದರಲ್ಲಿ ಎಲ್ಲ ನಿಂತಿದೆ. ಅಡಿಕೆ ಮರದ ದಬ್ಬೆ ಜೋಡಿಸಿದ ಸಂಕ ಮಳೆಯಲ್ಲಿ ಪಾಚಿಗಟ್ಟುತ್ತದೆ. ದೊಡ್ಡವರೇ ಬದಿಯ ಬಳ್ಳಿ ಹಿಡಿದು ಅಡ್ಡಡ್ಡ ಹೆಜ್ಜೆ ಇಡುತ್ತಾರೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆ ಮುಗಿಸಿ ಮನೆಗೆ ಬರುತ್ತಿದ್ದ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ತುಂಬಿದ ಹಳ್ಳದಲ್ಲಿ ಕೊಚ್ಚಿಹೋದಳು. ಹಳ್ಳ ದಾಟದೆ ಮನೆ ತಲುಪಲಾಗದು ಎನ್ನುವುದಾದರೆ, ಗಟ್ಟಿ ಸೇತುವೆ ಆಗುವ ತನಕ ಮಕ್ಕಳಿರುವವರು ಆ ಜಾಗವನ್ನು ಬಿಟ್ಟುಬಿಡುವುದೇ ಮೇಲು. ಮಿಕ್ಕ ಕೊರತೆಗಳನ್ನು ಹಣ ಕೊಟ್ಟು ತುಂಬಬಹುದು, ಇದನ್ನು ಒಬ್ಬರ ಹಣದಿಂದ ತುಂಬಲಾಗುವುದಿಲ್ಲ.

108 ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರಿಂದ ಇದೆ, ಮಲೆನಾಡಿನಲ್ಲಿ ಅದು ಎಷ್ಟೋ ಜೀವ ಉಳಿಸಿದೆ. ಆದರೆ ಅದಕ್ಕೆ ಕರೆ ಮಾಡಲು ಸಿಗ್ನಲ್ ಬೇಕು, ಬಂದ ಗಾಡಿ ತಿರುಗಿಸಲು ಜಾಗ ಬೇಕು. ಗಾಡಿ ನಿಲ್ಲುವಲ್ಲಿಂದ ಅಂಗಳಕ್ಕೆ ಎಷ್ಟು ನಡೆಯಬೇಕೆಂದು ನಡೆದೇ ನೋಡಬೇಕು. ಗಂಡ ಹೆಂಡತಿ ಇಬ್ಬರಿಗೂ ಕಾರು ಓಡಿಸಲು ಬರುವುದು ಪೇಟೆಯಲ್ಲಿ ಅನುಕೂಲ, ಇಲ್ಲಿ ಅನಿವಾರ್ಯ. ಒಬ್ಬರು ಬೆಂಗಳೂರಿಗೆ ಹೋದ ರಾತ್ರಿಯೇ ಮಗುವಿಗೆ ಜ್ವರ ನೆತ್ತಿಗೇರಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಯಾರಿರುತ್ತಾರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರ ಹುದ್ದೆ ಭರ್ತಿಯಾಗಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ದಿನನಿತ್ಯದ ಆರೈಕೆಯ ಮಟ್ಟಿಗೆ ಒಂಟಿಮನೆ ಅಂದುಕೊಂಡಷ್ಟು ದೂರವಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ ಬರಬೇಕು. ಹುಟ್ಟಿದಾಗ, 6, 10 ಮತ್ತು 14 ವಾರಗಳಲ್ಲಿ, 9 ತಿಂಗಳಿಗೆ, ಮತ್ತೆ ಒಂದೂವರೆ ವರ್ಷದ ಆಸುಪಾಸಿನಲ್ಲಿ ಬೀಳುವ ಲಸಿಕೆಗಳು ಹಳ್ಳಿಯಲ್ಲೂ ಸಿಗುತ್ತವೆ. ಊರಿಗೆ ಬಂದ ವಾರದಲ್ಲೇ ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ಇದೆಲ್ಲ ತಾನಾಗಿ ನಡೆಯುತ್ತದೆ.

ಕಾಡಂಚಿನ ಮನೆ ಎಂದಾಕ್ಷಣ ನೆಂಟರಿಷ್ಟರು ಹುಲಿ, ಚಿರತೆ, ಕಾಳಿಂಗದ ಮಾತೆತ್ತುತ್ತಾರೆ. ಕಾಳಿಂಗ ಕಚ್ಚುವುದು ಬಹಳ ಅಪರೂಪ. ಎಚ್ಚರವಿರಬೇಕಾದದ್ದು ಕಟ್ಟುಹಾವಿನ ಬಗ್ಗೆ. ಇದು ರಾತ್ರಿ ಒಳಗೆ ಬರುವ ಹಾವು. ನೆಲದಲ್ಲಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ನೋವಾಗಲಿ ಊತವಾಗಲಿ ಹೆಚ್ಚು ಇರುವುದಿಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವೆಂದು ಎದ್ದು, ಕಣ್ಣರೆಪ್ಪೆ ಜೋತುಬಿದ್ದು, ನುಂಗಲು ಕಷ್ಟಪಟ್ಟರೆ ಅಜೀರ್ಣವೆಂದು ಕಷಾಯ ಕುಡಿಸುತ್ತ ಕೂರುವಂತಿಲ್ಲ. ಉಸಿರಾಟಕ್ಕೆ ಯಂತ್ರದ ನೆರವು ಕೊಡಬಲ್ಲ ಆಸ್ಪತ್ರೆಗೆ ಓಡಬೇಕು. ಮಂಚದ ಮೇಲೆ ಮಲಗಿ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದು ಇದಕ್ಕೆ ಒಳ್ಳೆಯ ತಡೆ. ನಮ್ಮಲ್ಲಿ ಸಿಗುವ ವಿಷನಿವಾರಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ ತಯಾರಾದದ್ದು. ಕಚ್ಚಿದ ಕಡೆ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ. ಕೈಕಾಲು ಅಲುಗಾಡದಂತೆ ಇಟ್ಟು ಸಾಗಿಸಬೇಕು. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಅಧಿಸೂಚಿತ ಕಾಯಿಲೆಗಳ ಸಾಲಿಗೆ ಸೇರಿಸಿರುವುದರಿಂದ ಆಸ್ಪತ್ರೆಗಳು ಪ್ರಕರಣಗಳನ್ನು ವರದಿ ಮಾಡಬೇಕಾಗಿದೆ.

ಎಚ್ಚರವಿರಬೇಕಾದ ಇನ್ನೊಂದು ಸಂಗತಿ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ವೈರಸ್ ಜ್ವರವನ್ನು ಹರಡುವುದು ಉಣುಗು. ಹಾವಳಿ ಹೆಚ್ಚುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಮಕ್ಕಳು ಕಾಡಂಚಿನಲ್ಲಿ ಆಡಿಕೊಂಡಿರುವ ಒಣ ದಿನಗಳಲ್ಲೇ. ಹಿಂದೆ ಕೊಡುತ್ತಿದ್ದ ಲಸಿಕೆ 2022ರಲ್ಲಿ ನಿಂತಿತು. ಹತ್ತಿರದಲ್ಲಿ ಮಂಗ ಸತ್ತಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು, ದರಕು ರಾಶಿಯಲ್ಲಿ ಮಕ್ಕಳನ್ನು ಆಡಬಿಡದಿರುವುದು, ಸಂಜೆ ಬಿಸಿನೀರಲ್ಲಿ ಮೀಯಿಸಿ ಕಿವಿಹಿಂದೆ, ಕಂಕುಳಲ್ಲಿ ಉಣುಗು ಹುಡುಕುವುದು ರೂಢಿಯಾಗಬೇಕು. ಆ ತಾಲ್ಲೂಕಿನಲ್ಲಿ ಹಿಂದಿನ ವರ್ಷಗಳಲ್ಲಿ ಕಾಯಿಲೆ ಕಂಡಿತ್ತೇ ಎಂದು ಕೇಳಿದರೆ ಆರೋಗ್ಯ ಕೇಂದ್ರದವರು ಹೇಳುತ್ತಾರೆ.

ಅಂಗಳದಲ್ಲೇ ಇರುವ ಅಪಾಯದ ಮಾತನ್ನು ಯಾರೂ ಎತ್ತುವುದಿಲ್ಲ. ಕಟ್ಟೆಯಿಲ್ಲದ ಬಾವಿ, ತೋಟದ ಕೆರೆ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ. ಹೊಂಡದ ಹಾಳೆ ಎಷ್ಟು ನುಣುಪೆಂದರೆ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಹಗ್ಗ ಇಲ್ಲದಿದ್ದರೆ ಮೊದಲ ಖರ್ಚು ಅದಕ್ಕೇ ಆಗಬೇಕು. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ನೀಲಿ ಹರಳಾದ್ದರಿಂದ ಮಕ್ಕಳಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ, ಅದು ಬೀಗದೊಳಗಿರಲಿ.

ಮನೆಯ ಹಿಂಬದಿಯನ್ನೂ ನೋಡಬೇಕು. ಅಂಗಳ ಅಗಲ ಮಾಡಲು ಜೆಸಿಬಿ ತರಿಸಿ ಗುಡ್ಡವನ್ನು ಲಂಬವಾಗಿ ಕಡಿದಿದ್ದರೆ ಮಳೆಗಾಲದಲ್ಲಿ ಆ ಧರೆ ಮಲಗುವ ಕೋಣೆಯ ಮೇಲೇ ಕುಸಿಯಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡಗಳು ಜಾರಿದ್ದನ್ನು ನಾಡೇ ಕಂಡಿದೆ. ಹೊಸ ಬಿರುಕು, ಓರೆಯಾದ ಮರ, ಇದ್ದಕ್ಕಿದ್ದಂತೆ ಕೆಂಪಾಗಿ ಹರಿವ ಒರತೆ ಕಂಡರೆ ಆ ಮನೆಯಲ್ಲಿ ರಾತ್ರಿ ಕಳೆಯಬಾರದು.

ಕರೆಂಟು ಮಳೆಗಾಲದಲ್ಲಿ ದಿನಗಟ್ಟಲೆ ಹೋಗುತ್ತದೆ. ಕಾಡಿನೊಳಗಿಂದ ಬರುವ ತಂತಿಯ ಮೇಲೆ ಮರ ಬಿದ್ದರೆ ಲೈನ್‌ಮನ್ ಮೊದಲು ಊರಿನ ಸಾಲು ಸರಿಮಾಡಿ ಆಮೇಲೆ ಒಂಟಿಮನೆಗೆ ಬರುತ್ತಾನೆ, ಅದು ನ್ಯಾಯವೂ ಹೌದು. ಮೋಡದ ದಿನಗಳಲ್ಲಿ ಸೋಲಾರ್ ಸೊರಗುತ್ತದೆ. ತೋಟದ ಮೇಲೆ ಹಳ್ಳವಿದ್ದವರು ಹಾಕಿಸಿಕೊಳ್ಳುವ ಪುಟ್ಟ ಜಲವಿದ್ಯುತ್ ಯಂತ್ರ, ಪಿಕೋ ಹೈಡ್ರೋ, ಕರೆಂಟು ಕೈಕೊಡುವ ಮಳೆಯಲ್ಲೇ ಚೆನ್ನಾಗಿ ತಿರುಗುತ್ತದೆ. ಇಂಟರ್ನೆಟ್ಟನ್ನು ನಂಬಿ ಸಂಬಳ ಪಡೆಯುವವರು ಜಡಿಮಳೆಯ ವಾರವೊಂದನ್ನು ಅಲ್ಲಿಯೇ ಕೆಲಸ ಮಾಡಿ ನೋಡದೆ ಬೆಂಗಳೂರಿನ ಮನೆ ಖಾಲಿ ಮಾಡಬಾರದು.

ಕಾಗದಪತ್ರದ ವಿಷಯ ವಕೀಲರಿಗೆ ಬಿಡಬಹುದು, ಎರಡು ಮಾತು ಬಿಟ್ಟು. ಮನೆಗೆ ಹೋಗುವ ದಾರಿ ನಕಾಶೆಯಲ್ಲಿ ಇದೆಯೋ, ಪಕ್ಕದವರ ಜಮೀನಿನಲ್ಲಿ ಅವರ ದಾಕ್ಷಿಣ್ಯದ ಮೇಲೆ ಹೋಗುತ್ತಿದೆಯೋ? ಉತ್ತರ ಕನ್ನಡದಲ್ಲಾದರೆ ತೋಟಕ್ಕೆ ಸೇರಿದ್ದೆಂದು ತೋರಿಸುವ ಸೊಪ್ಪಿನ ಬೆಟ್ಟ ಸ್ವಂತದ ಆಸ್ತಿಯಲ್ಲ, ಸೊಪ್ಪು ದರಕು ತರುವ ಹಕ್ಕು ಮಾತ್ರ.

ತೀರ್ಮಾನ ಯಾರದಾಗಬೇಕು ಎಂಬುದಕ್ಕೆ ಉತ್ತರ ಸರಳ: ಹಗಲಿಡೀ ಮಗುವಿನೊಂದಿಗೆ ಮನೆಯಲ್ಲಿ ಉಳಿಯುವವರದು. ಸಾಮಾನ್ಯವಾಗಿ ಅದು ಹೆಂಡತಿ. ಗಂಡನಿಗೆ ಇದು ಆಡಿ ಬೆಳೆದ ಮನೆ, ತೋಟದಲ್ಲಿ ಕೆಲಸವಿದೆ, ಪೇಟೆಯಲ್ಲಿ ಸೊಸೈಟಿಯಿದೆ, ಗೆಳೆಯರಿದ್ದಾರೆ. ಬೇರೆ ಊರಿನಿಂದ ಬಂದವಳಿಗೆ ಮಳೆಗಾಲದ ನಾಲ್ಕು ತಿಂಗಳು ಮಾತಾಡಲು ಸಿಗುವುದು ಅತ್ತೆ, ಮಗು ಮತ್ತು ಸಿಗ್ನಲ್ ಇದ್ದರೆ ಫೋನು. ಕೂಗಳತೆಯಲ್ಲಿ ಇನ್ನೊಂದು ಮನೆ, ಅದರಲ್ಲಿ ಒಂದೆರಡು ಮಕ್ಕಳು ಇದ್ದರೆ ಚಿತ್ರವೇ ಬದಲಾಗುತ್ತದೆ. ಅಜ್ಜ ಅಜ್ಜಿಯರ ಆರೋಗ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಇಂದು ಮಗುವನ್ನು ನೋಡಿಕೊಳ್ಳುವವರು ಐದು ವರ್ಷದಲ್ಲಿ ತಾವೇ ಆರೈಕೆ ಬೇಕಾದವರಾಗಬಹುದು.

ಮಗುವಿಗಂತೂ ಶಾಲೆಗೆ ಸೇರುವವರೆಗೆ ಒಂಟಿಮನೆ ಹಬ್ಬ. ಕರು, ಬೆಕ್ಕು, ಮಣ್ಣು, ಹಳ್ಳದ ಮೀನು. ಅಪಾರ್ಟ್‌ಮೆಂಟಿನ ಯಾವ ಆಟದ ಮನೆಯೂ ಇದಕ್ಕೆ ಸಾಟಿಯಲ್ಲ. ತೊಡಕು ಶುರುವಾಗುವುದು ಆರನೇ ವಯಸ್ಸಿಗೆ. ಶಿಕ್ಷಣ ಹಕ್ಕಿನ ನಿಯಮದಂತೆ ಐದನೇ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ, ಎಂಟರವರೆಗಿನದು ಮೂರು ಕಿಲೋಮೀಟರಿನೊಳಗೆ ಇರಬೇಕು. ಮಲೆನಾಡಿನಲ್ಲಿ ಶಾಲೆ ಇದ್ದರೂ ಇಡೀ ಶಾಲೆಗೆ ಹತ್ತು ಹನ್ನೆರಡು ಮಕ್ಕಳು, ಒಬ್ಬರೋ ಇಬ್ಬರೋ ಶಿಕ್ಷಕರು ಎಂಬ ಸ್ಥಿತಿ ಹೊಸತಲ್ಲ. ಮೊದಲ ನಾಲ್ಕು ವರ್ಷಕ್ಕೆ ಇಂಥ ಸಣ್ಣ ಶಾಲೆ ಕೆಟ್ಟದ್ದೇನೂ ಅಲ್ಲ. ಪೇಟೆಯ ಖಾಸಗಿ ಶಾಲೆಯೇ ಬೇಕೆಂದರೆ ಬಸ್ಸು ಬರುವುದು ಡಾಂಬರು ರಸ್ತೆಯವರೆಗೆ. ಅಲ್ಲಿಗೆ ಬೆಳಿಗ್ಗೆ ಒಬ್ಬರು ಬಿಡಬೇಕು, ಸಂಜೆ ಒಬ್ಬರು ಕಾಯಬೇಕು. ಹೈಸ್ಕೂಲಿನ ವಯಸ್ಸಿಗೆ ಗೆಳೆಯರ ಹಂಬಲವೂ ಸೇರಿಕೊಳ್ಳುತ್ತದೆ.

ಮಲೆನಾಡಿನ ಅನೇಕ ಮನೆತನಗಳು ಇದಕ್ಕೆ ಕಂಡುಕೊಂಡ ದಾರಿ, ಮಕ್ಕಳ ಓದಿಗೆಂದು ಸಾಗರದಲ್ಲೋ ಶಿರಸಿಯಲ್ಲೋ ಬಾಡಿಗೆ ಮನೆ ಮಾಡುವುದು. ತಾಯಿ ಮಕ್ಕಳು ವಾರವಿಡೀ ಅಲ್ಲಿ, ಶನಿವಾರ ಮಧ್ಯಾಹ್ನ ಎಲ್ಲರೂ ತೋಟದ ಮನೆಗೆ. ಒಂಟಿಮನೆಗೆ ಹೋಗುವ ಕಿರಿಯ ದಂಪತಿಗಳು ಆ ಎರಡನೇ ಬಾಡಿಗೆಯನ್ನೂ ಈಗಲೇ ಖರ್ಚಿನ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಕೊಳ್ಳುವ ಇಲ್ಲವೇ ಕಟ್ಟುವ ಯೋಚನೆಯಿದ್ದವರು ಮೊದಲು ಅದೇ ಊರಿನಲ್ಲಿ ಒಂದು ಮಳೆಗಾಲ ಬಾಡಿಗೆಗೆ ಇದ್ದು, ಆಮೇಲೆ ಮುಂಗಡ ಕೊಡುವುದು ಒಳ್ಳೆಯದು.