ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಮುನ್ನ

ಬೆಂಗಳೂರಿನ ಕುರುಬರಹಳ್ಳಿಯ ಇಪ್ಪತ್ತು–ಮೂವತ್ತರ ಸೈಟುಗಳ ಬೀದಿಯಲ್ಲಿ ಹಳೆಯ ಎಂಜಿಯನ್ನೋ ಟ್ರಯಂಫ್ ಸ್ಪಿಟ್‌ಫೈರನ್ನೋ ಬಾನೆಟ್ ತೆರೆದು ನಿಲ್ಲಿಸಿ ನೋಡಿ. ಹಾಲು ತರಲು ಹೊರಟವರೂ ಒಂದು ಸಲಹೆ ಕೊಟ್ಟೇ ಮುಂದೆ ಹೋಗುತ್ತಾರೆ. ‘ಸ್ಪೇರ್ ಸಿಗಲ್ಲ ಸಾರ್, ಮಾರುತಿ ಇಂಜಿನ್ ಕೂರಿಸಿಬಿಡಿ.’ ‘ಹೀಟ್ ಆಗುತ್ತಾ? ಥರ್ಮೋಸ್ಟಾಟ್ ಕಿತ್ತಾಕಿ.’ ‘ಹದಿನೈದು ವರ್ಷ ದಾಟಿದ ಗಾಡಿ, ಗುಜರಿಗೇ ಸೈ.’ ಈ ಕಾರುಗಳು ವಯಸ್ಸಾಗಿ ಕೆಟ್ಟದ್ದಕ್ಕಿಂತ ಇಂಥ ಮದ್ದುಗಳಿಂದ ಕೆಟ್ಟದ್ದೇ ಜಾಸ್ತಿ ಎಂಬುದು ನನ್ನ ಅನಿಸಿಕೆ.

‘ವಿಲಾಯ್ತಿ ಇಂಜಿನ್, ಇಲ್ಲಿ ಯಾರಿಗೂ ಗೊತ್ತಿಲ್ಲ’

1955ರಲ್ಲಿ ಬಂದ ಎಂಜಿಎ ಕಾರಿನ 1489 ಸಿಸಿ ಇಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ಅದೇ ಕುಟುಂಬದ, ಅದೇ 1489 ಸಿಸಿಯ ಇಂಜಿನ್ 1959ರಿಂದ ದಶಕಗಟ್ಟಲೆ ನಮ್ಮ ಅಂಬಾಸಿಡರ್‌ನಲ್ಲಿ ಓಡಿತು. 1962ರ ಸ್ಪಿಟ್‌ಫೈರ್ ನಿಂತಿದ್ದು ಟ್ರಯಂಫ್ ಹೆರಾಲ್ಡ್‌ನ ಚಾಸಿಯನ್ನು ಮೊಟಕು ಮಾಡಿ. ಆ ಹೆರಾಲ್ಡ್ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲೂ ಓಡಾಡಿದೆ. ಹಾಗೆಂದು ಅಂಬಾಸಿಡರ್‌ನ ಎಲ್ಲ ಬಿಡಿಭಾಗವೂ ಎಂಜಿಗೆ ಹೊಂದುತ್ತದೆ ಎಂದಲ್ಲ. ಎಂಜಿಯದು ಜೋಡಿ ಕಾರ್ಬುರೇಟರು, ಟ್ಯೂನಿಂಗೂ ಬೇರೆ. ಆದರೆ ಟ್ಯಾಕ್ಸಿ ಕಾಲದ ಅಂಬಾಸಿಡರ್ ಬಿಚ್ಚಿ ಕೂಡಿಸಿದ ಹಿರಿಯ ಮೇಸ್ತ್ರಿಗೆ ಈ ಇಂಜಿನ್ ಹೊಸಬನಲ್ಲ. ಸಿಗದ ಬುಷ್ಷು, ಪಿನ್ನುಗಳನ್ನು ಕಾಮಾಕ್ಷಿಪಾಳ್ಯದ ಕಡೆ ಯಾವುದಾದರೂ ಲೇತ್ ಅಂಗಡಿಯಲ್ಲಿ ತಿರುವಿಸಿಕೊಳ್ಳಬಹುದು.

ನಿಜವಾದ ತೊಡಕು ಇರುವುದು ಸ್ಪ್ಯಾನರಿನಲ್ಲಿ. ಈ ಕಾರುಗಳ ನಟ್ಟು ಇಂಚಿನ ಅಳತೆಯದು; ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಮನೆಯಲ್ಲಿದೆ ಎಂದು ಹದಿಮೂರನೇ ನಂಬರ್ ಸ್ಪ್ಯಾನರ್ ಹಾಕಿ ಎಳೆದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಎಂಜಿ ಟಿಸಿ ಕಾರಿನ ಇಂಜಿನ್ನಿನದು ಇನ್ನೂ ತಮಾಷೆ. ಅದನ್ನು ಮಾಡುತ್ತಿದ್ದ ಮಾರಿಸ್ ಕಂಪನಿ 1923ರಲ್ಲಿ ಫ್ರೆಂಚರ ಹಾಚ್‌ಕಿಸ್ ಸಂಸ್ಥೆಯ ಕೊವೆಂಟ್ರಿ ಕಾರ್ಖಾನೆ ಕೊಂಡಾಗ ಅಲ್ಲಿನ ಯಂತ್ರಗಳೆಲ್ಲ ಮೆಟ್ರಿಕ್ ಮರೆ ಕೊರೆಯುವಂಥವು. ಅದೇ ಪದ್ಧತಿ ಮುಂದುವರಿದು ಬೋಲ್ಟಿನ ಮರೆ ಮೆಟ್ರಿಕ್, ತಲೆ ಮಾತ್ರ ಹಳೆಯ ಬ್ರಿಟಿಷ್ ವಿಟ್‌ವರ್ತ್ ಅಳತೆ ಎಂಬ ಬೆರಕೆ ಹುಟ್ಟಿಕೊಂಡಿತು.

‘ಬಿಸಿ ಏರಿದರೆ ಥರ್ಮೋಸ್ಟಾಟ್ ತೆಗೆಯಬೇಕು’

ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ ಇದು. ಥರ್ಮೋಸ್ಟಾಟ್ ಇರುವುದು ಇಂಜಿನ್ನನ್ನು 80 ಡಿಗ್ರಿಯ ಆಸುಪಾಸಿಗೆ ಬೇಗ ತಂದು ಅಲ್ಲೇ ನಿಲ್ಲಿಸಲು. ಅದನ್ನು ಕಿತ್ತರೆ ಬೆಳಗಿನ ಹೊತ್ತು ಇಂಜಿನ್ ತಣ್ಣಗೇ ಓಡುತ್ತದೆ. ಆವಿಯಾಗದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತದೆ, ಬೋರು ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಬೈಪಾಸ್ ದಾರಿಯಲ್ಲೇ ಸುತ್ತುವುದರಿಂದ ಟ್ರಾಫಿಕ್ಕಿನಲ್ಲಿ ಬಿಸಿ ಇನ್ನೂ ಏರುತ್ತದೆ.

ರೋಗ ಇರುವುದು ಬೇರೆ ಕಡೆ. ವರ್ಷಗಟ್ಟಲೆ ಗಡಸು ಬೋರ್‌ವೆಲ್ ನೀರು ಸುರಿದ ಇಂಜಿನ್ ಬ್ಲಾಕಿನ ಹಿಂಭಾಗದಲ್ಲಿ, ಕೊನೆಯ ಸಿಲಿಂಡರಿನ ಸುತ್ತ, ತುಕ್ಕು ಮತ್ತು ಸುಣ್ಣ ಸೇರಿ ಕೆಸರಾಗಿ ಕೂತಿರುತ್ತದೆ. ಬ್ಲಾಕಿನ ಡ್ರೈನ್ ನಲ್ಲಿ ತಿರುಗಿಸಿದರೂ ಹನಿ ನೀರು ಬರದಿದ್ದರೆ ಅನುಮಾನವೇ ಬೇಡ: ನಲ್ಲಿ ಬಿಚ್ಚಿ, ತಂತಿಯಿಂದ ಕೆದಕಿ, ನೀರು ತಿಳಿಯಾಗುವ ತನಕ ತೊಳೆಯಬೇಕು. ಮತ್ತೆ ತುಂಬುವಾಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ನಮ್ಮೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುದಿ ಬಿಂದುವನ್ನು ಹತ್ತು ಡಿಗ್ರಿಗೂ ಹೆಚ್ಚು ಮೇಲಕ್ಕೊಯ್ಯುವುದು ಒತ್ತಡ ಹಿಡಿಯುವ ರೇಡಿಯೇಟರ್ ಮುಚ್ಚಳ. ಅದರ ರಬ್ಬರ್ ಹೋಗಿದ್ದರೆ ಬೇರೆಲ್ಲ ಸರಿಯಿದ್ದೂ ಉಪಯೋಗವಿಲ್ಲ. ಇನ್ನೊಂದು, ಯಾರೂ ನೋಡದ ಜಾಗ ಡೆಲ್ಕೋ, ಅಂದರೆ ಡಿಸ್ಟ್ರಿಬ್ಯೂಟರ್. ಕಿಡಿ ತಡವಾಗಿ ಬಿದ್ದರೆ, ಅಂದರೆ ಟೈಮಿಂಗ್ ಹಿಂದೆ ಬಿದ್ದಿದ್ದರೆ, ರೇಡಿಯೇಟರ್ ಹೊಸದಾಗಿದ್ದರೂ ಇಂಜಿನ್ ಕಾಯುತ್ತದೆ.

‘ಎಸ್‌ಯು ಕಾರ್ಬುರೇಟರ್ ಯಾರ ಕೈಗೂ ಬಗ್ಗಲ್ಲ’

ಸ್ಕಿನ್ನರ್ ಸೋದರರು ಇಪ್ಪತ್ತನೇ ಶತಮಾನದ ಆರಂಭದಲ್ಲೇ ರೂಪಿಸಿದ ಇದರಷ್ಟು ಸರಳ ಕಾರ್ಬುರೇಟರ್ ಕಡಿಮೆ. ಗಾಳಿ ಎಷ್ಟು ಒಳಗೆ ಬರುತ್ತದೋ ಅಷ್ಟು ಒಂದು ಪಿಸ್ಟನ್ ಮೇಲೇಳುತ್ತದೆ. ಅದಕ್ಕೆ ಅಂಟಿದ ಮೊನಚು ಸೂಜಿ ಜೆಟ್ಟಿನಲ್ಲಿ ಅಷ್ಟೇ ಜಾಗ ಬಿಡುತ್ತದೆ. ಮೇಲಿನ ಡ್ಯಾಶ್‌ಪಾಟಿಗೆ ತೆಳು ಆಯಿಲ್ ಸಾಕು. ಗೇರ್ ಆಯಿಲ್ ಹಾಕಿದರೆ ಪಿಕಪ್ ಸತ್ತಂತೆ.

ಮುಟ್ಟುವ ಕ್ರಮವೇ ಇಲ್ಲಿ ಮುಖ್ಯ. ಮೊದಲು ಟ್ಯಾಪೆಟ್, ಆಮೇಲೆ ಪ್ಲಗ್ಗು, ಪಾಯಿಂಟು, ಟೈಮಿಂಗ್. ಕಾರ್ಬುರೇಟರ್ ಕಟ್ಟಕಡೆಗೆ. ಬಿಸಿಯಾದ ಇಂಜಿನ್ ಐಡ್ಲಿಂಗಿನಲ್ಲಿರುವಾಗ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಮೇಲೆತ್ತಿ ಕಿವಿಗೊಡಿ. ಸದ್ದು ಏರಿ ಹಾಗೇ ನಿಂತರೆ ಮಿಕ್ಸ್ಚರ್ ರಿಚ್. ಇಂಜಿನ್ ಮುಗ್ಗರಿಸಿದರೆ ಲೀನ್. ತುಸು ಏರಿ ಮೊದಲಿನಂತಾದರೆ ಸರಿ. ಕೆಳಗಿನ ಆರು ಮುಖದ ಜೆಟ್ ನಟ್ಟನ್ನು ಮೇಲಕ್ಕೆ ತಿರುಗಿಸಿದರೆ ಲೀನ್, ಕೆಳಕ್ಕಿಳಿಸಿದರೆ ರಿಚ್, ಒಂದು ಸಲಕ್ಕೆ ಒಂದೇ ಮುಖ. ಜೋಡಿ ಕಾರ್ಬುರೇಟರುಗಳನ್ನು ಸಮ ಮಾಡಲು ಒಂದು ರಬ್ಬರ್ ಪೈಪು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಗಾಳಿ ಹೋಗುವ ಬಾಯಿಗೆ. ಎರಡರ ಬುಸುಗುಟ್ಟುವಿಕೆ ಒಂದೇ ಆಗಬೇಕು.

ಇಂಗ್ಲೆಂಡಿನ ಪುಸ್ತಕದಲ್ಲಿರುವ ಸೆಟ್ಟಿಂಗನ್ನು ಇಲ್ಲಿ ಹಾಗೇ ಇಡಬಹುದೇ? ಬೆಂಗಳೂರಿನ ತೆಳು ಗಾಳಿ ಮಿಕ್ಸ್ಚರನ್ನು ತುಸು ರಿಚ್ ಮಾಡುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಶೇ 20ರವರೆಗಿನ ಎಥನಾಲ್ ಅದಕ್ಕಿಂತ ತುಸು ಹೆಚ್ಚೇ ಲೀನ್ ಮಾಡುತ್ತದೆ. ಒಂದು ಇನ್ನೊಂದನ್ನು ಬಹುಪಾಲು ಹೊಡೆದುಹಾಕುವುದರಿಂದ ಕೊನೆಯ ತೀರ್ಪು ಪುಸ್ತಕದ್ದಲ್ಲ, ಕಿವಿಯದು. ಎಥನಾಲಿನ ಅಸಲಿ ಹಾನಿ ರಬ್ಬರಿಗೆ. ಹಳೆಯ ಪೆಟ್ರೋಲ್ ಪೈಪು, ಸೀಲುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸದೆ ಗಾಡಿ ತೆಗೆಯಬೇಡಿ. ಸೋರಿದ ಪೆಟ್ರೋಲ್ ಬೀಳುವುದು ಬಿಸಿ ಸೈಲೆನ್ಸರ್ ಪೈಪಿನ ಹತ್ತಿರ.

‘ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಸ್ಪೀಡ್ ಬರುತ್ತೆ’

ಆಕ್ಟೇನ್ ಅಂದರೆ ನಾಕಿಂಗ್ ತಡೆಯುವ ಗುಣ, ಶಕ್ತಿಯಲ್ಲ. ಎಂಜಿಎ ಕಾಲದ ಕಂಪ್ರೆಷನ್ನಿಗೆ ದುಬಾರಿ ಪೆಟ್ರೋಲಿನಿಂದ ಹೆಚ್ಚಿನ ಲಾಭವಿಲ್ಲ. ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ಪೂರ್ತಿ ನಿಂತಾಗ ಹಳೆಯ ಇಂಜಿನ್‌ಗಳ ಕಥೆ ಮುಗಿಯಿತು ಎಂದವರಿದ್ದರು. ಸೀಸವಿಲ್ಲದೆ ಮೆದು ವಾಲ್ ಸೀಟು ಸವೆಯುವುದು ನಿಜ, ಆದರೆ ಅದು ಮುಖ್ಯವಾಗಿ ಎಡೆಬಿಡದೆ ಜೋರಾಗಿ ಓಡಿಸಿದಾಗ. ಹೆಡ್ ಬಿಚ್ಚಿದ ಹೊತ್ತಿನಲ್ಲಿ ಗಟ್ಟಿ ಸೀಟು ಕೂರಿಸಿದರೆ ತೀರಿತು.

‘ಲ್ಯೂಕಾಸ್ ವೈರಿಂಗ್ ಅಂದರೆ ಕತ್ತಲೆ’

ಬ್ರಿಟಿಷ್ ಕಾರುಗಳ ವಿದ್ಯುತ್ ಭಾಗ ಮಾಡುತ್ತಿದ್ದ ಲ್ಯೂಕಾಸ್ ಕಂಪನಿಯ ಮೇಲಿನ ಹಳೆಯ ಹಾಸ್ಯ ಇದು. ಹೆಡ್‌ಲೈಟ್ ಮಂಕಾದರೆ ನೋಡಬೇಕಾದ್ದು ಕಿಲುಬು ಹಿಡಿದ ಕನೆಕ್ಟರು, ಬಣ್ಣದ ಮೇಲೆ ಬಿಗಿದ ಅರ್ತ್ ವೈರು. ಎಚ್ಚರ ಬೇಕಾದ್ದು ಬೇರೆ ವಿಷಯಕ್ಕೆ: ಅರವತ್ತರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಅರ್ತ್ ಆಗಿರುವುದು ಬ್ಯಾಟರಿಯ ಪಾಸಿಟಿವ್ ತುದಿ. ಅದನ್ನು ನೋಡದೆ ಇವತ್ತಿನ ಸ್ಟೀರಿಯೋ ಜೋಡಿಸಿದರೆ ಹೊಗೆ ಗ್ಯಾರಂಟಿ.

‘ಹದಿನೈದು ವರ್ಷವಾದರೆ ಗುಜರಿಗೆ’

ದೆಹಲಿಯ ನಿರ್ಬಂಧದ ಸುದ್ದಿ ಇಲ್ಲಿ ಕಾನೂನಿನಂತೆ ಓಡಾಡುತ್ತಿದೆ. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬಹುದು. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನಂಬರೂ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. 1970ರ ಎಂಜಿಬಿ ಕೂಡ ಈಗ ಆ ಸಾಲಿಗೆ ಬಂದಿದೆ. ಷರತ್ತು ಮಾತ್ರ ಖಡಕ್ಕಾಗಿದೆ: ಚಾಸಿ, ಬಾಡಿ, ಇಂಜಿನ್ ಮೂಲದಂತೆಯೇ ಇರಬೇಕು. ಮಾರುತಿ ಇಂಜಿನ್ ಕೂರಿಸಿದವರಿಗೆ ಅಲ್ಲಿ ಬಾಗಿಲು ಮುಚ್ಚಿದಂತೆ. ವಿಎ ನಂಬರಿನ ಕಾರನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ತೆಗೆಯಬಹುದೇ ಹೊರತು ದಿನದ ಓಡಾಟಕ್ಕಲ್ಲ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಮಾಗಡಿ ರಸ್ತೆಯಲ್ಲಿ ಸುತ್ತಿ ಬರಬೇಕೆನ್ನುವವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಂಡು ಹೋಗುವುದು ಲೇಸು.